ಎದುರಿಗೆ ಒಂದೇ ಟ್ಯಾಂಕು: ಓಗರ್ ಆಟವನ್ನು ಮನೆಯ ಮೇಜಿನ ಮೇಲೆ ಆಡುವ ಬಗೆ

ಓಗರ್ ಆಟದಲ್ಲಿ ಒಬ್ಬರ ಬಳಿ ಇರುವುದು ಒಂದೇ ಕಾಯಿ. ಮನುಷ್ಯರಿಲ್ಲದೆ, ಕಂಪ್ಯೂಟರ್ ಬುದ್ಧಿಯಿಂದ ನಡೆಯುವ ದೈತ್ಯ ಟ್ಯಾಂಕು ಅದು. ಇನ್ನೊಬ್ಬರ ಬಳಿ ಸಾಮಾನ್ಯ ಟ್ಯಾಂಕು, ಫಿರಂಗಿ, ಕಾಲಾಳುಗಳೆಲ್ಲ ಸೇರಿ ಹದಿನೈದಿಪ್ಪತ್ತು ಕಾಯಿ. ದೈತ್ಯ ಒಂದು ಕಡೆಯಿಂದ ನುಗ್ಗಿ ಬಂದು ಆ ತುದಿಯಲ್ಲಿರುವ ಕಮಾಂಡ್ ಪೋಸ್ಟ್ ಒಡೆಯಬೇಕು, ಉಳಿದವರು ತಡೆಯಬೇಕು. ಸ್ಟೀವ್ ಜಾಕ್ಸನ್ ರೂಪಿಸಿದ ಈ ಆಟ 1977ರಲ್ಲಿ ಅಮೆರಿಕದ ಮೆಟಾಗೇಮಿಂಗ್ ಕಂಪನಿಯ ಪುಟ್ಟ ಆಟಗಳ ಮಾಲಿಕೆಯಲ್ಲಿ ಮೊದಲನೆಯದಾಗಿ ಬಂತು. ಆಗ ಅದು ಕಾಗದದ ನಕ್ಷೆ ಮತ್ತು ಬಿಲ್ಲೆಗಳ ಆಟ. ಮಿನಿಯೇಚರ್ ಬೊಂಬೆಗಳ ರೂಪ ಆಮೇಲೆ ಸೇರಿತು. ಇಲ್ಲಿ ಹೇಳುವುದು ನಕ್ಷೆಯ ಆಟದ ಅಂಕಿಗಳನ್ನೇ ಇಟ್ಟುಕೊಂಡು, ಅಳತೆಪಟ್ಟಿ ಹಿಡಿದು ಬೊಂಬೆಗಳಲ್ಲಿ ಆಡುವ ಕ್ರಮ. ಮುದ್ರಣದಿಂದ ಮುದ್ರಣಕ್ಕೆ ನಿಯಮಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ. ಜಗಳ ಬಂದರೆ ನಿಮ್ಮ ಬಳಿಯ ನಿಯಮಪುಸ್ತಕ ಹೇಳಿದ್ದೇ ಸರಿ.

ಶುರುವಿಗೆ ಮೊದಲೇ ಒಂದು ಮಾತು. ಹೊಸಬರು ರಕ್ಷಣೆಯ ಕಡೆ ಕೂತರೆ ಓಗರ್ ಅನ್ನು ಕೊಲ್ಲಲು ಹೊರಡುತ್ತಾರೆ. ಈ ಆಟದ ಲೆಕ್ಕ ಇರುವುದು ಅದನ್ನು ನಿಧಾನ ಮಾಡುವುದರಲ್ಲಿ. ಮುಂದೆ ಬರುವ ಅಂಕಿಗಳನ್ನೆಲ್ಲ ಆ ಕಣ್ಣಿನಿಂದ ನೋಡಿ.

ಮೇಜು ಮತ್ತು ಅಳತೆ

ನಕ್ಷೆಯ ಒಂದು ಷಡ್ಭುಜ ಮನೆಗೆ 5 ಸೆಂ.ಮೀ. ಎಂದು ಹಿಡಿಯಿರಿ. ಆಗ 75 ಸೆಂ.ಮೀ. ಅಗಲ, 110 ಸೆಂ.ಮೀ. ಉದ್ದದ ಜಾಗ ಸಾಕು. ಊಟದ ಮೇಜಿನ ಮೇಲೆ ಹಿಡಿಯುತ್ತದೆ, ಇಲ್ಲದಿದ್ದರೆ ನೆಲವೇ ಆದೀತು. ನುಣುಪಾದ ಬಟ್ಟೆ ಹಾಸಬೇಡಿ: ಮೊಣಕೈ ತಗುಲಿ ಬಟ್ಟೆ ಜರುಗಿದರೆ ಎಲ್ಲ ಕಾಯಿಗಳ ದೂರವೂ ಕೆಡುತ್ತದೆ. ಕಂಬಳಿ ಅಥವಾ ಫೆಲ್ಟ್ ಹಾಸಿ, ನಾಲ್ಕು ಮೂಲೆಗೆ ಟೇಪ್ ಹಚ್ಚಿ.

ಟೇಪನ್ನು ಎಳೆದು ಎಳೆದು ಅಳೆಯುತ್ತಾ ಕೂತರೆ ಆಟ ಮೂರು ಗಂಟೆ ಹಿಡಿಯುತ್ತದೆ. ಅದರ ಬದಲು ದಪ್ಪ ರಟ್ಟಿನಲ್ಲಿ 5, 10, 15, 20, 25, 40 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿಟ್ಟುಕೊಳ್ಳಿ. ಈ ಆಟದ ಎಲ್ಲ ದೂರಗಳೂ ಈ ಆರರಲ್ಲೇ ಮುಗಿಯುತ್ತವೆ.

ಅಳೆಯುವಾಗ ಆಗುವ ತಪ್ಪು ಒಂದೇ, ಆದರೆ ಪ್ರತಿ ಮನೆಯಲ್ಲೂ ಆಗುತ್ತದೆ. ಓಗರ್ 15 ಸೆಂ.ಮೀ. ಚಲಿಸಬೇಕು. ಆಟಗಾರ ಪಟ್ಟಿಯನ್ನು ಬೊಂಬೆಯ ಮೂತಿಗೆ ತಾಗಿಸಿ ಇಡುತ್ತಾನೆ, ಬೊಂಬೆಯನ್ನು ಎತ್ತುತ್ತಾನೆ, ಪಟ್ಟಿಯ ಆ ತುದಿಗೆ ಬೊಂಬೆಯ ಬಾಲ ಬರುವಂತೆ ಇಡುತ್ತಾನೆ. ಬೊಂಬೆ 10 ಸೆಂ.ಮೀ. ಉದ್ದ ಇದ್ದರೆ ಅದು ನಡೆದದ್ದು 25 ಸೆಂ.ಮೀ. ಮೋಸ ಮಾಡುವ ಉದ್ದೇಶ ಇರುವುದಿಲ್ಲ, ಕೈ ತಾನಾಗಿ ಹಾಗೆ ಇಡುತ್ತದೆ. ಪರಿಹಾರ: ಚಲನೆಯನ್ನು ಮೂತಿಯಿಂದ ಮೂತಿಗೆ ಅಳೆಯಿರಿ, ಮೂತಿಯ ಮೇಲೆ ಒಂದು ಬಿಳಿ ಚುಕ್ಕೆ ಇಡಿ. ಹೊಡೆತದ ದೂರವನ್ನು ಮಾತ್ರ ಅಂಚಿನಿಂದ ಅಂಚಿಗೆ ಅಳೆಯಿರಿ. ನಡುವಿನಿಂದ ಅಳೆದರೆ, 5 ಸೆಂ.ಮೀ. ಮಾತ್ರ ಹೊಡೆಯಬಲ್ಲ ಸಣ್ಣ ಬಂದೂಕುಗಳು ಓಗರ್‌ನ ಸ್ವಂತ ಮೈ ದಾಟಿ ಹೊರಗೇ ಬರುವುದಿಲ್ಲ.

ನೆಲದ ಅಡೆತಡೆ ಎರಡೇ ಬಗೆ. ಕುಳಿ: ಯಾರೂ ಒಳಗೆ ಹೋಗುವಂತಿಲ್ಲ. ಕಲ್ಲುಗುಪ್ಪೆಯ ಸಾಲು: ಓಗರ್ ಮತ್ತು ಕಾಲಾಳು ಮಾತ್ರ ದಾಟಬಹುದು. 5 ಸೆಂ.ಮೀ. ಅಡ್ಡಳತೆಯ ಎಂಟು ಹತ್ತು ಕಾಗದದ ವೃತ್ತ, ಅಷ್ಟೇ ಉದ್ದದ ಕೆಲವು ದಾರದ ತುಂಡು ಸಾಕು. ಎರಡು ಕುಳಿಗಳ ನಡುವೆ ಓಗರ್‌ನ ಅಗಲಕ್ಕಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ಅವು ಗೋಡೆಯಾಗುತ್ತವೆ. ಕುಳಿಗಳನ್ನೆಲ್ಲ ಇಟ್ಟಾದ ಮೇಲೆ ಯಾರಿಗೆ ಯಾವ ಕಡೆ ಎಂದು ದಾಳ ಹಾಕಿ. ಆಗ ಇಡುವಾಗಲೇ ಪಕ್ಷಪಾತ ನುಸುಳುವುದಿಲ್ಲ.

ಕಾಯಿಗಳನ್ನು ಮಾಡಿಕೊಳ್ಳುವುದು

ಸಿದ್ಧ ಬೊಂಬೆಗಳಿದ್ದರೆ ಒಳ್ಳೆಯದು. ಇಲ್ಲದವರು ಓಗರ್ ಒಂದನ್ನು ಮನಸ್ಸಿಟ್ಟು ಮಾಡಿ, ಉಳಿದದ್ದಕ್ಕೆ ರಟ್ಟಿನ ಚೂರು ಸಾಕು. ನೋಟ ಎಲ್ಲ ಹೋಗುವುದು ಆ ಒಂದರ ಮೇಲೇ.

5 ಮಿ.ಮೀ. ದಪ್ಪದ ಫೋಮ್ ಹಾಳೆಯಲ್ಲಿ 10 × 5 ಸೆಂ.ಮೀ. ತಳ ಕತ್ತರಿಸಿ. ಅದರ ಮೇಲೆ 8 × 4, ಅದರ ಮೇಲೆ 4 × 3, ಹೀಗೆ ಮೂರು ಮೆಟ್ಟಿಲು. ಎರಡು ಪಕ್ಕಕ್ಕೆ ಸುಕ್ಕುಸುಕ್ಕಾದ ಪ್ಯಾಕಿಂಗ್ ರಟ್ಟಿನ ಪಟ್ಟಿ ಅಂಟಿಸಿದರೆ ಟ್ಯಾಂಕಿನ ಚೈನು ಆಯಿತು. ಖಾಲಿ ರೀಫಿಲ್ ತುಂಡು ದೊಡ್ಡ ಫಿರಂಗಿ, ಕಡ್ಡಿಗಳು ಸಣ್ಣವು, ಎರಡು ಬೆಂಕಿಕಡ್ಡಿ ಕ್ಷಿಪಣಿಗಳು. ಆಯುಧಗಳನ್ನು ಅಂಟಿಸಬೇಡಿ, ಗುಂಡುಸೂಜಿಯ ತುದಿಗೆ ಕೂರಿಸಿ ಫೋಮಿಗೆ ಚುಚ್ಚಿ. ಆಟದಲ್ಲಿ ಒಡೆದ ಆಯುಧವನ್ನು ಕಿತ್ತು ಬದಿಗಿಡಬಹುದು. ಮೇಜಿನ ಆ ತುದಿಯಿಂದ ನೋಡಿದರೂ ಏನು ಉಳಿದಿದೆ ಎಂದು ಕಾಣುತ್ತದೆ, ಮುನ್ನುಗ್ಗಿ ಬಂದ ದೈತ್ಯ ಬೋಳಾಗುತ್ತಾ ಹೋಗುವುದನ್ನು ನೋಡುವ ಮಜವೂ ಬೇರೆ.

ಕೆಡುವುದು ಅಂಟಿನಲ್ಲಿ. ಸೂಪರ್ ಗ್ಲೂ ಮತ್ತು ಸ್ಪ್ರೇ ಬಣ್ಣ ಎರಡೂ ಪಾಲಿಸ್ಟೈರೀನ್ ಫೋಮನ್ನು ತಿಂದುಹಾಕುತ್ತವೆ. ಬಿಳಿ ಅಂಟನ್ನೇ ಬಳಸಿ, ಅದನ್ನೇ ನೀರು ಬೆರೆಸಿ ಮೈಗೆಲ್ಲ ಎರಡು ಸಲ ಬಳಿದು ಒಣಗಿಸಿ, ಆಮೇಲೆ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚಿ.

ಸಣ್ಣ ಟ್ಯಾಂಕುಗಳ ತಳ 2.5 ಸೆಂ.ಮೀ. ಇರಲಿ. ಒಂದೊಂದು ಬಗೆಗೆ ಒಂದೊಂದು ಬಣ್ಣದ ಅಂಚು ಹಾಕಿ.

ಅಂಕಿಗಳು

ಮೊದಲ ಆಟಕ್ಕೆ ಮಾರ್ಕ್ 3 ಓಗರ್ ತೆಗೆದುಕೊಳ್ಳಿ. ಅದಕ್ಕೆ ಇರುವುದು:

- ಮುಖ್ಯ ಫಿರಂಗಿ 1: ದಾಳಿ 4, ದೂರ 15 ಸೆಂ.ಮೀ., ರಕ್ಷಣೆ 4
- ಉಪ ಫಿರಂಗಿ 4: ದಾಳಿ 3, ದೂರ 10, ರಕ್ಷಣೆ 3
- ಕ್ಷಿಪಣಿ 2: ದಾಳಿ 6, ದೂರ 25, ರಕ್ಷಣೆ 3, ಒಂದೊಂದು ಒಂದೇ ಸಲ
- ಸಣ್ಣ ಬಂದೂಕು 8: ದಾಳಿ 1, ದೂರ 5, ರಕ್ಷಣೆ 1, ಕಾಲಾಳು ಮತ್ತು ಕಮಾಂಡ್ ಪೋಸ್ಟ್ ಮೇಲೆ ಮಾತ್ರ
- ಟ್ರೆಡ್, ಅಂದರೆ ಓಡುವ ಚೈನಿನ ತುಣುಕುಗಳು, 45

ರಕ್ಷಕರಿಗೆ 12 ವಾಹನಗಳು ಮತ್ತು 20 ಕಾಲಾಳು ದಳಗಳು. ವಾಹನಗಳಲ್ಲಿ ಯಾವುದು ಎಷ್ಟು ಎಂಬ ಆಯ್ಕೆ ಅವರದೇ:

- ಭಾರಿ ಟ್ಯಾಂಕ್: ದಾಳಿ 4, ದೂರ 10, ರಕ್ಷಣೆ 3, ಚಲನೆ 15
- ಕ್ಷಿಪಣಿ ಟ್ಯಾಂಕ್: ದಾಳಿ 3, ದೂರ 20, ರಕ್ಷಣೆ 2, ಚಲನೆ 10
- ಜಿಇವಿ, ಅಂದರೆ ನೆಲ ಮುಟ್ಟದೆ ತೇಲಿ ಓಡುವ ವಾಹನ: ದಾಳಿ 2, ದೂರ 10, ರಕ್ಷಣೆ 2, ಚಲನೆ 20, ಹೊಡೆದ ಮೇಲೆ ಮತ್ತೆ 15
- ಹೋವಿಟ್ಜರ್, ಅಂದರೆ ಬಹು ದೂರ ಹೊಡೆಯುವ ಫಿರಂಗಿ: ದಾಳಿ 6, ದೂರ 40, ರಕ್ಷಣೆ 1, ಜಾಗ ಬಿಟ್ಟು ಕದಲದು, ಒಂದು ಹೋವಿಟ್ಜರ್ ಎರಡು ವಾಹನಕ್ಕೆ ಸಮ
- ಕಾಲಾಳು ದಳ: ದಾಳಿ 1, ದೂರ 5, ರಕ್ಷಣೆ 1, ಚಲನೆ 10, ಮೂರು ದಳದವರೆಗೆ ಒಟ್ಟಿಗೆ ಒಂದು ಕಾಯಿ

ಮೊದಲ ಸಲಕ್ಕೆ ಈ ಹಂಚಿಕೆ ಸರಿಹೊಂದುತ್ತದೆ: 2 ಹೋವಿಟ್ಜರ್, 3 ಭಾರಿ ಟ್ಯಾಂಕ್, 3 ಕ್ಷಿಪಣಿ ಟ್ಯಾಂಕ್, 2 ಜಿಇವಿ. ಕಾಲಾಳುಗಳನ್ನು ಮೂರು ಮೂರರ ಆರು ಕಾಯಿ, ಎರಡರ ಒಂದು ಕಾಯಿ ಮಾಡಿ. ಕಮಾಂಡ್ ಪೋಸ್ಟನ್ನು ದೂರದ ಅಂಚಿನಿಂದ 15 ಸೆಂ.ಮೀ. ಒಳಗೆ ಇಡಿ. ಅದರ ರಕ್ಷಣೆ ಸೊನ್ನೆ. ಯಾವ ಹೊಡೆತ ಬಿದ್ದರೂ ಹೋಯಿತು. ಓಗರ್ ಬರುವ ಕಡೆ ಮೊದಲ 35 ಸೆಂ.ಮೀ. ಖಾಲಿ ಇರಲಿ, ನಡುಪಟ್ಟಿಯಲ್ಲಿ ಒಟ್ಟು 20 ದಾಳಿಬಲಕ್ಕಿಂತ ಹೆಚ್ಚು ಇಡುವಂತಿಲ್ಲ, ಉಳಿದದ್ದೆಲ್ಲ ಹಿಂದೆ. ಈ ಮಿತಿ ಇಲ್ಲದಿದ್ದರೆ ರಕ್ಷಕರು ಬಾಗಿಲಲ್ಲೇ ಗುಂಪುಗಟ್ಟಿ ನಿಲ್ಲುತ್ತಾರೆ, ಆಟ ಮೂರು ಸರದಿಗೆ ಮುಗಿಯುತ್ತದೆ.

ಒಂದು ಸರದಿ

ಮೊದಲು ಚಲನೆ, ಆಮೇಲೆ ಹೊಡೆತ. ಜಿಇವಿಗಳಿಗೆ ಮಾತ್ರ ಹೊಡೆತದ ನಂತರ ಎರಡನೇ ಚಲನೆ. ಓಗರ್ ಮೊದಲು ಬರುತ್ತದೆ.

ಹೊಡೆತಕ್ಕೆ ದಾಳಿಬಲವನ್ನು ರಕ್ಷಣೆಗೆ ಹೋಲಿಸಿ ಅನುಪಾತ ಮಾಡಿ. ಭಿನ್ನ ಬಂದರೆ ಹೊಡೆಸಿಕೊಳ್ಳುವವರ ಪರವಾಗಿ ಇಳಿಸಿ: 4ರ ವಿರುದ್ಧ 7 ಎಂದರೆ 1:1 ಮಾತ್ರ. ಆಮೇಲೆ ಒಂದು ದಾಳ:

- 1:2 ಆದರೆ 5ಕ್ಕೆ ಸ್ತಬ್ಧ, 6ಕ್ಕೆ ನಾಶ
- 1:1 ಆದರೆ 3, 4ಕ್ಕೆ ಸ್ತಬ್ಧ, 5, 6ಕ್ಕೆ ನಾಶ
- 2:1 ಆದರೆ 2, 3ಕ್ಕೆ ಸ್ತಬ್ಧ, 4ರಿಂದ 6ಕ್ಕೆ ನಾಶ
- 3:1 ಆದರೆ 1, 2ಕ್ಕೆ ಸ್ತಬ್ಧ, ಉಳಿದದ್ದಕ್ಕೆ ನಾಶ
- 4:1 ಆದರೆ 1ಕ್ಕೆ ಸ್ತಬ್ಧ, ಉಳಿದದ್ದಕ್ಕೆ ನಾಶ
- 5:1 ಮತ್ತು ಮೇಲೆ, ದಾಳವೇ ಬೇಡ, ನಾಶ

1:2ಕ್ಕಿಂತ ಕಡಿಮೆಯಾದರೆ ಹೊಡೆದೂ ಪ್ರಯೋಜನವಿಲ್ಲ. ಸ್ತಬ್ಧವಾದ ವಾಹನ ತನ್ನ ಒಂದು ಸರದಿ ಚಲಿಸದೆ, ಹೊಡೆಯದೆ ಕೂರುತ್ತದೆ. ಆ ಸ್ಥಿತಿಯಲ್ಲಿ ಮತ್ತೊಂದು ‘ಸ್ತಬ್ಧ’ ಬಿದ್ದರೆ ನಾಶ. ಕಾಲಾಳಿಗೆ ಸ್ತಬ್ಧ ಎಂದರೆ ಒಂದು ದಳ ಕಡಿಮೆ. ಓಗರ್‌ಗೆ ಸ್ತಬ್ಧ ಲೆಕ್ಕಕ್ಕಿಲ್ಲ. ರಕ್ಷಕರು ಓಗರ್‌ನ ಯಾವ ಆಯುಧಕ್ಕೆ ಗುರಿ ಎಂದು ದಾಳ ಹಾಕುವ ಮೊದಲೇ ಹೇಳಬೇಕು.

ಟ್ರೆಡ್‌ಗಳ ನಿಯಮ ಬೇರೆ, ಆಟದ ಜೀವ ಇರುವುದೂ ಅಲ್ಲೇ. ಅವುಗಳಿಗೆ ಹೊಡೆದಾಗ ಅನುಪಾತ ಯಾವಾಗಲೂ 1:1. ನಾಶ ಎಂದು ಬಂದರೆ ದಾಳಿಬಲದಷ್ಟು ಟ್ರೆಡ್ ಹೋಗುತ್ತವೆ. ಆದರೆ ಪ್ರತಿ ಕಾಯಿಯೂ ತನ್ನ ದಾಳವನ್ನು ತಾನೇ ಹಾಕಬೇಕು, ಬಲವನ್ನು ಕೂಡಿಸುವಂತಿಲ್ಲ.

45 ಟ್ರೆಡ್‌ಗಳನ್ನು ಕಾಗದದಲ್ಲಿ 15 ಚೌಕದ ಮೂರು ಸಾಲಾಗಿ ಬರೆಯಿರಿ. ಒಂದು ಸಾಲು ಮುಗಿದ ಕೂಡಲೇ ವೇಗ 15ರಿಂದ 10ಕ್ಕೆ, ಎರಡನೇ ಸಾಲಿಗೆ 5ಕ್ಕೆ, ಮೂರೂ ಮುಗಿದರೆ ಅಲ್ಲೇ ನಿಂತಿತು. ನಿಂತ ಮೇಲೂ ಉಳಿದ ಆಯುಧ ಸಿಡಿಯುತ್ತಲೇ ಇರುತ್ತದೆ, ಹತ್ತಿರ ಹೋಗಬೇಡಿ. ಈ ಹಾಳೆಯನ್ನು ಓಗರ್ ಆಟಗಾರನ ಕೈಯಲ್ಲಿ ಕೊಡದೆ ಇಬ್ಬರ ನಡುವೆ ಇಡಿ. ಸಾಲು ಮುಗಿದದ್ದನ್ನು ಮರೆತು ಹಳೆಯ ವೇಗದಲ್ಲೇ ಓಡಿಸುವುದು ಸಾಮಾನ್ಯ, ಮರೆಯುವವರು ಯಾವಾಗಲೂ ಓಗರ್ ಕಡೆಯವರೇ.

ಓಗರ್ ಗುದ್ದಲೂಬಹುದು. ವಾಹನದ ಮೇಲೆ ಹರಿದರೆ ದಾಳದಲ್ಲಿ 1-3ಕ್ಕೆ ಅದು ಸ್ತಬ್ಧ, 4-6ಕ್ಕೆ ನಾಶ. ಮೊದಲೇ ಸ್ತಬ್ಧವಾಗಿದ್ದರೆ ನೇರ ನಾಶ. ಬೆಲೆಯಾಗಿ ಒಂದು ಟ್ರೆಡ್, ಭಾರಿ ಟ್ಯಾಂಕಾದರೆ ಎರಡು. ಕಾಲಾಳಿನ ಮೇಲೆ ಹರಿದರೆ, ಸಣ್ಣ ಬಂದೂಕು ಉಳಿದಿದ್ದ ಪಕ್ಷದಲ್ಲಿ, ಒಂದು ದಳ ಹೋಗುತ್ತದೆ.

ಕಮಾಂಡ್ ಪೋಸ್ಟ್ ಒಡೆದು, ಬಂದ ಅಂಚಿನಿಂದಲೇ ಹೊರಗೆ ಹೋದರೆ ಓಗರ್‌ಗೆ ಪೂರ್ಣ ಗೆಲುವು. ಒಡೆದು ಹೊರಗೆ ಹೋಗಲಾಗದೆ ಉಳಿದರೆ ಅರ್ಧ ಗೆಲುವು.

ರಕ್ಷಕರ ಲೆಕ್ಕ

ಮೇಲಿನ ಹಂಚಿಕೆಯ ಎಲ್ಲ ಕಾಯಿಗಳ ದಾಳಿಬಲ ಕೂಡಿದರೆ 57. ಟ್ರೆಡ್ ಮೇಲೆ ಮೂರರಲ್ಲಿ ಒಂದು ಹೊಡೆತ ತಾಗುತ್ತದೆ, ಹಾಗಾಗಿ ಎಲ್ಲರೂ ಒಟ್ಟಿಗೆ ಹೊಡೆದರೆ ಸರಾಸರಿ 19 ಟ್ರೆಡ್, ಅಂದರೆ ಒಂದು ಸಾಲಿಗಿಂತ ಹೆಚ್ಚು. ಆದರೆ ಎಲ್ಲರೂ ಒಟ್ಟಿಗೆ ಹೊಡೆಯುವ ಸರದಿ ಬರುವುದೇ ಇಲ್ಲ. ಒಬ್ಬರು ದೂರ, ಒಬ್ಬರು ಸ್ತಬ್ಧ, ಒಬ್ಬರು ಆಗಲೇ ಕಸ.

ವೇಗ ಯಾಕೆ ಅಷ್ಟು ಮುಖ್ಯ ಎನ್ನುವುದು ಹೋವಿಟ್ಜರ್ ಪಕ್ಕ ಕೂತು ಎಣಿಸಿದರೆ ತಿಳಿಯುತ್ತದೆ. ಓಗರ್ ಕ್ಷಿಪಣಿಗಳು ಖರ್ಚಾಗಿವೆ ಎನ್ನಿ, ಅದು 45 ಸೆಂ.ಮೀ. ದೂರದಲ್ಲಿದೆ, ಹೋವಿಟ್ಜರ್‌ನ ಹೊಡೆತಕ್ಕೆ ಸ್ವಲ್ಪ ಹೊರಗೆ. ಅದರ ಮುಖ್ಯ ಫಿರಂಗಿ 15ರಿಂದ ಹೊಡೆಯಬಲ್ಲದು. ಪೂರ್ಣ ವೇಗದಲ್ಲಿ 45, 30, 15: ನಡುವೆ ಹೋವಿಟ್ಜರ್‌ಗೆ ಸಿಗುವುದು ಒಂದೇ ಹೊಡೆತ. ವೇಗ 10 ಆಗಿದ್ದರೆ 35, 25, 15: ಎರಡು ಹೊಡೆತ. ವೇಗ 5 ಆದರೆ 40ರಿಂದ 20ರವರೆಗೆ ಐದು ಹೊಡೆತ. ಅದೇ ಫಿರಂಗಿ, ಅದೇ ಜಾಗ, ಕೆಲಸ ಮಾತ್ರ ಐದು ಪಟ್ಟು.

ಜಿಇವಿಗೂ ಹಾಗೆಯೇ. ಅದು 10 ಸೆಂ.ಮೀ. ಹತ್ತಿರ ಬಂದು ಹೊಡೆದು 15 ಹಿಂದೆ ಸರಿದರೆ 25ರಲ್ಲಿ ನಿಲ್ಲುತ್ತದೆ. ಓಗರ್ ವೇಗ 10 ಇದ್ದರೂ 10 ನಡೆದು 15 ಹೊಡೆದು ಅದನ್ನು ಮುಟ್ಟುತ್ತದೆ. ವೇಗ 5ಕ್ಕೆ ಇಳಿದರೆ ಮುಟ್ಟಲಾರದು, ಕ್ಷಿಪಣಿ ಉಳಿದಿಲ್ಲದಿದ್ದರೆ. ಆದ್ದರಿಂದ ಜಿಇವಿಗಳನ್ನು ಮೊದಲ ಸರದಿಗಳಲ್ಲಿ ಹುರುಪಿನಿಂದ ಓಡಿಸಿ ಸುಡಿಸಿಕೊಳ್ಳಬೇಡಿ. ಎರಡನೇ ಸಾಲು ಮುಗಿಯುವವರೆಗೆ ಬದಿಯಲ್ಲಿ ಕಾಯಲಿ.

ಯಾರು ಯಾವುದಕ್ಕೆ ಹೊಡೆಯಬೇಕು? ಟ್ರೆಡ್ ಮೇಲೆ ಅನುಪಾತ ಇಳಿಯುವುದಿಲ್ಲ, ಹಾಗಾಗಿ ಬಲ ಕಡಿಮೆ ಇರುವವರಿಗೆ ಅಲ್ಲಿ ನಷ್ಟವಿಲ್ಲ. ಜಿಇವಿ ಒಂಟಿಯಾಗಿ ಉಪ ಫಿರಂಗಿಗೆ ಹೊಡೆದರೆ 1:2, ಆರರಲ್ಲಿ ಒಂದು ಅವಕಾಶ. ಟ್ರೆಡ್‌ಗೆ ಹೊಡೆದರೆ ಮೂರರಲ್ಲಿ ಒಂದು. ಜಿಇವಿ, ಕಾಲಾಳು, ಜೊತೆ ಸಿಗದೆ ಒಂಟಿಯಾಗಿ ಉಳಿದವರು ಟ್ರೆಡ್‌ಗೆ ಹೊಡೆಯಲಿ. ಹೋವಿಟ್ಜರ್ ಮೊದಲ ಹೊಡೆತ ಕ್ಷಿಪಣಿಗೆ: 6ಕ್ಕೆ 3, 2:1, ಅರ್ಧಕ್ಕರ್ಧ. ಯಾಕೆಂದರೆ ಆ ಕ್ಷಿಪಣಿಯ ಗುರಿ ಹೋವಿಟ್ಜರ್ ತಾನೇ. 6ಕ್ಕೆ 1, ದಾಳ ಹಾಕುವಂತೆಯೂ ಇಲ್ಲ.

ಬಲ ಕೂಡಿಸಿ ಹೊಡೆಯುವುದೇ ಜಾಣತನ ಎಂದು ಕಾಣುತ್ತದೆ. ಎಣಿಸಿ ನೋಡಿ. ಎರಡು ಭಾರಿ ಟ್ಯಾಂಕು ಸೇರಿ ಮುಖ್ಯ ಫಿರಂಗಿಗೆ ಹೊಡೆದರೆ 8ಕ್ಕೆ 4, 2:1, ನೂರಕ್ಕೆ 50. ಬೇರೆ ಬೇರೆ ಹೊಡೆದರೆ ಎರಡು 1:1, ಒಂದಾದರೂ ತಾಗುವ ಸಾಧ್ಯತೆ 9ರಲ್ಲಿ 5, ನೂರಕ್ಕೆ 55ರ ಮೇಲೆ. ಮೊದಲನೆಯದೇ ತಾಗಿತೋ, ಎರಡನೆಯದನ್ನು ಬೇರೆ ಕಡೆ ತಿರುಗಿಸಬಹುದು. ಒಂಟಿಯಾಗಿ 1:1 ಮುಟ್ಟುವವರು ಒಂಟಿಯಾಗಿಯೇ ಹೊಡೆಯಲಿ. ಮುಟ್ಟಲಾರದವರು ಮಾತ್ರ ಕೈಜೋಡಿಸಲಿ: ಎರಡು ಕ್ಷಿಪಣಿ ಟ್ಯಾಂಕು ಮತ್ತು ಒಂದು ಜಿಇವಿ ಸೇರಿದರೆ ಮುಖ್ಯ ಫಿರಂಗಿಗೆ 8ಕ್ಕೆ 4, ನೂರಕ್ಕೆ 50, ಒಬ್ಬೊಬ್ಬರೇ ಹೊಡೆದರೆ ಮೂವರದೂ ಸೇರಿ 42. ಅನುಪಾತ ಪೂರ್ತಿ ಆಗುವಷ್ಟೇ ಕೂಡಿಸಿ. 7ಕ್ಕೆ 4 ಕೂಡಿಸಿದವರ 3 ಬಲ ಗಾಳಿಗೆ ಹೋಯಿತು.

ಓಗರ್ ಕಡೆ ಕೂತವರಿಗೆ

ಆಯುಧ ನೋಡಿ ಜಂಬ ಬೇಡ. ಮೇಲಿನ ಮೇಜಿನಲ್ಲಿ ಪೂರ್ಣ ವೇಗದಲ್ಲಿ ನೇರ ನಡೆದರೆ, ಕ್ಷಿಪಣಿ ಉಳಿದಿಲ್ಲದಿದ್ದರೂ, ಆರನೇ ಸರದಿಗೆ ಕಮಾಂಡ್ ಪೋಸ್ಟ್ ಹೊಡೆತಕ್ಕೆ ಸಿಗುತ್ತದೆ. ಸುತ್ತುಬಳಸಿನ ಪ್ರತಿ ಸರದಿಯೂ ಎದುರಾಳಿಗೆ ಕೊಟ್ಟ ಉಡುಗೊರೆ. ಆದರೂ ನಟ್ಟನಡುವೆ ನುಗ್ಗಬೇಡಿ. ಒಂದು ಬದಿಗೆ ಅಂಟಿಕೊಂಡು ನಡೆದರೆ ಇನ್ನೊಂದು ಬದಿಯ ಕ್ಷಿಪಣಿ ಟ್ಯಾಂಕುಗಳು ಆಟಕ್ಕೆ ಬರಲು ಎರಡು ಸರದಿ ನಡೆಯಬೇಕಾಗುತ್ತದೆ.

ಕ್ಷಿಪಣಿಗಳನ್ನು ಕೂಡಿಡಬೇಡಿ. ಉಳಿಸಿಕೊಂಡ ಕ್ಷಿಪಣಿ ನಿಮ್ಮ ಸರದಿ ಬರುವ ಮೊದಲೇ ಒಡೆದುಹೋಗುತ್ತದೆ. ಹತ್ತಿರದ ಹೋವಿಟ್ಜರ್ 10 ಸೆಂ.ಮೀ.ಗೆ ಸಿಕ್ಕರೆ ಎರಡು ಉಪ ಫಿರಂಗಿಯಲ್ಲೇ ಅದರ ಕೆಲಸ ಮುಗಿಸಿ, ಕ್ಷಿಪಣಿಯನ್ನು ಭಾರಿ ಟ್ಯಾಂಕಿಗೆ ಕೊಡಿ. ಸ್ತಬ್ಧವಾದ ಟ್ಯಾಂಕಿಗೆ ಗುಂಡು ಹಾಳುಮಾಡಬೇಡಿ. ಮುಂದಿನ ಚಲನೆಯಲ್ಲಿ ಗುದ್ದಿ; ಎರಡು ಟ್ರೆಡ್‌ಗೆ ನಾಲ್ಕು ದಾಳಿಬಲ ಹೋದರೆ ಅದಕ್ಕಿಂತ ಅಗ್ಗದ ವ್ಯಾಪಾರವಿಲ್ಲ. ಸಣ್ಣ ಬಂದೂಕುಗಳನ್ನು ಹೊಸಬರು ಮರೆತೇಬಿಡುತ್ತಾರೆ: ಮೂರು ದಳದ ಕಾಲಾಳಿನ ಮೇಲೆ ಎಂಟನ್ನೂ ಒಟ್ಟಿಗೆ ಹಾಕಿದರೆ 8ಕ್ಕೆ 3, 2:1.

ತೂಕ ಸರಿ ಹೊಂದಿಸುವುದು

ಒಬ್ಬರೇ ಸತತವಾಗಿ ಗೆಲ್ಲುತ್ತಿದ್ದರೆ ಕಡೆ ಬದಲಿಸಿ ಅದೇ ಕುಳಿ, ಅದೇ ಹಂಚಿಕೆಯಲ್ಲಿ ಮತ್ತೆ ಆಡಿ. ಆಟ ವಾಲಿದೆಯೋ ಆಟಗಾರ ಎಡವುತ್ತಿದ್ದಾನೋ ಆಗ ತಿಳಿಯುತ್ತದೆ. ಆಟವೇ ವಾಲಿದ್ದರೆ ಹರಾಜು ಹಾಕಿ: ಎಷ್ಟು ವಾಹನ ಕೊಟ್ಟರೆ ತಡೆಯಬಲ್ಲೆ ಎಂದು ಇಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆಯಿರಿ. ಕಡಿಮೆ ಬರೆದವರು ಅಷ್ಟರಲ್ಲೇ ರಕ್ಷಣೆ ಮಾಡಬೇಕು. ಹನ್ನೆರಡು ಎಂದು ಶುರುವಾದದ್ದು ಕೆಲವು ಆಟಗಳಲ್ಲಿ ಹತ್ತಕ್ಕೆ ಇಳಿದರೆ ಆಶ್ಚರ್ಯ ಬೇಡ.

ಒಬ್ಬರೇ ಇದ್ದರೆ ನೀವು ರಕ್ಷಣೆಗೆ ಕೂತು ಓಗರ್ ಅನ್ನು ನಿಯಮದಂತೆ ನಡೆಸಿ. ಪ್ರತಿ ಸರದಿ ಕಮಾಂಡ್ ಪೋಸ್ಟ್ ಕಡೆಗೆ ಪೂರ್ಣ ವೇಗ, ದಾರಿಯಲ್ಲಿ ಸ್ತಬ್ಧ ವಾಹನವಿದ್ದರೆ ಗುದ್ದು, ಹೊಡೆತಕ್ಕೆ ಸಿಗುವವರಲ್ಲಿ ದಾಳಿಬಲ ಹೆಚ್ಚಿರುವವರಿಗೆ ಮೊದಲು, ಸಮ ಇದ್ದರೆ ಹತ್ತಿರದವರಿಗೆ. ಇಷ್ಟೇ ಆದೇಶದಲ್ಲಿ ಅದು ಸಾಕಷ್ಟು ಕಾಟ ಕೊಡುತ್ತದೆ.

ಮಾರ್ಕ್ 3 ಸಪ್ಪೆ ಎನಿಸಿದ ಮೇಲೆ ಮಾರ್ಕ್ 5: ಮುಖ್ಯ ಫಿರಂಗಿ 2, ಉಪ ಫಿರಂಗಿ 6, ಕ್ಷಿಪಣಿ 6, ಸಣ್ಣ ಬಂದೂಕು 12, ಟ್ರೆಡ್ 60. ಹಾಳೆಯಲ್ಲಿ 20 ಚೌಕದ ಮೂರು ಸಾಲು ಬರೆಯಿರಿ. ಎದುರಿಗೆ 20 ವಾಹನ, 30 ಕಾಲಾಳು ದಳ. ಮೊದಲ ಸರದಿಗಳಲ್ಲೇ ಆರು ಕ್ಷಿಪಣಿ ಬರುವುದರಿಂದ ಎರಡೇ ಹೋವಿಟ್ಜರ್ ಇಟ್ಟರೆ ಬಾಳುವುದಿಲ್ಲ. ಒಂದೋ ನಾಲ್ಕು ಇಡಿ, ಇಲ್ಲ ಒಂದೂ ಬೇಡ.